ಮೂಕಪ್ರಾಣಿಗಳ ನೋವು ಮತ್ತು ಸೂಜಿಚಿಕಿತ್ಸೆ

ಕುದುರೆಗೆ ಪಿತ್ತಕೋಶವಿಲ್ಲ. ಯಕೃತ್ತು ಉಂಟು, ಅದರಲ್ಲಿ ಪಿತ್ತರಸ ಹುಟ್ಟುವುದೂ ಉಂಟು. ಆ ರಸವನ್ನು ಕೂಡಿಟ್ಟುಕೊಳ್ಳುವ ಚೀಲವೊಂದನ್ನು ಮಾತ್ರ ಪ್ರಕೃತಿಯು ಅದಕ್ಕೆ ದಯಪಾಲಿಸಲಿಲ್ಲ. ಹೀಗಿದ್ದರೂ, ಪಶುಗಳಿಗೆ ಅಕ್ಯುಪಂಕ್ಚರ್ ಚಿಕಿತ್ಸೆ ಮಾಡತಕ್ಕವರು ಇಂದು ಉಪಯೋಗಿಸುವ ಚಿತ್ರಪಟವನ್ನು ನೋಡಿದರೆ, ಕುದುರೆಯ ಕಣ್ಣಿನ ಹೊರಮೂಲೆಯಿಂದ ಹೊರಟು, ಕತ್ತನ್ನೂ ಪಕ್ಕೆಯನ್ನೂ ಬಳಸಿ, ಹಿಂಗಾಲಿನ ಗೊರಸಿನವರೆಗೆ ಇಳಿದುಹೋಗುವ ಒಂದು ರೇಖೆ ಕಾಣುತ್ತದೆ. ಅದಕ್ಕೆ ಪಿತ್ತಕೋಶದ ನಾಡಿಯೆಂದು ಹೆಸರು. ಮನುಷ್ಯನಲ್ಲಿ ಈ ನಾಡಿಯು ಪಾದದ ನಾಲ್ಕನೆಯ ಬೆರಳಿನ ತುದಿಯಲ್ಲಿ ಮುಗಿಯುತ್ತದೆಂದು ಶಾಸ್ತ್ರ. ಕುದುರೆಗಾದರೋ ಪಾದಕ್ಕೊಂದೇ ಬೆರಳು.

ಈ ವಿಸಂಗತಿಯನ್ನು ಕಂಡೊಡನೆ ವಿಜ್ಞಾನದ ಅಭಿಮಾನಿಗಳಾದವರು ಸೂಜಿಚಿಕಿತ್ಸೆಯನ್ನೆಲ್ಲ ಒಂದೇ ಮಾತಿನಲ್ಲಿ ತಳ್ಳಿಹಾಕುವುದುಂಟು. ಪ್ರಾಚೀನತೆಯ ಅಭಿಮಾನಿಗಳಾದವರು ಅದನ್ನು ಕಂಡೂ ಕಾಣದವರಂತೆ ಮುಂದೆ ಸಾಗುವುದುಂಟು. ಎರಡೂ ಆತುರದ ನಡೆಗಳೆಂದೇ ನನ್ನ ಭಾವನೆ. ನಕ್ಷೆ ತಪ್ಪಾಗಿದ್ದ ಮಾತ್ರಕ್ಕೆ ಸೂಜಿ ಮುಟ್ಟಿದ ನರವು ಸುಳ್ಳಾಗುವುದಿಲ್ಲ. ಸೂಜಿಯಿಂದ ಒಂದು ನಾಯಿಯ ನೋವು ತಗ್ಗಿದ ಮಾತ್ರಕ್ಕೆ ನಕ್ಷೆ ನಿಜವಾಗುವುದೂ ಇಲ್ಲ. ಮನುಷ್ಯನಾದರೆ ತನಗೆ ಗುಣವಾಯಿತೋ ಇಲ್ಲವೋ ಎಂಬುದನ್ನು ಬಾಯಿಬಿಟ್ಟು ಹೇಳುತ್ತಾನೆ, ಗುಣವಾಗದಿದ್ದರೆ ಬೇರೊಬ್ಬ ವೈದ್ಯನ ಬಾಗಿಲಿಗೆ ಹೋಗುತ್ತಾನೆ; ಎತ್ತಿಗೆ, ನಾಯಿಗೆ, ಬೆಕ್ಕಿಗೆ ಆ ಉಪಾಯವಿಲ್ಲ. ಆದುದರಿಂದ ಅವುಗಳ ಮೈಮೇಲೆ ಪ್ರಯೋಗಿಸುವ ಯಾವುದೇ ಚಿಕಿತ್ಸೆಗೆ ನಾವು ಇನ್ನಷ್ಟು ಬಿಗಿಯಾದ ಪ್ರಮಾಣವನ್ನು ಕೇಳಬೇಕು. ಹಾಗೆ ಕೇಳಿ, ಪರೀಕ್ಷಿಸಿ, ನಿಲ್ಲತಕ್ಕುದೆಂದು ಕಂಡುಬಂದ ಉಪಶಮನವೊಂದನ್ನು, ಅದರ ಮೂಲಕಥೆ ನಮಗೆ ರುಚಿಸದೆಂಬ ಒಂದೇ ಕಾರಣದಿಂದ ಅವುಗಳಿಗೆ ದೊರಕಿಸದಿರುವುದೂ ಅಷ್ಟೇ ದೊಡ್ಡ ಅನ್ಯಾಯ.

ಚೀನಾದೇಶದಲ್ಲಿ ಪಶುಗಳ ಸೂಜಿವೈದ್ಯಕ್ಕೆ ಮೂಲಪುರುಷನೆಂದು ಬೋ ಲೆ ಎಂಬವನನ್ನು ಸ್ಮರಿಸುತ್ತಾರೆ. ಕ್ರಿಸ್ತಪೂರ್ವ ಏಳನೆಯ ಶತಮಾನದಲ್ಲಿ ಛಿನ್ ಸಂಸ್ಥಾನದ ಆಶ್ರಯದಲ್ಲಿದ್ದು, ಕುದುರೆಯ ಲಕ್ಷಣವನ್ನು ನೋಡಿಯೇ ಅದರ ಯೋಗ್ಯತೆಯನ್ನು ಹೇಳಬಲ್ಲವನೆಂದು ಪ್ರಸಿದ್ಧನಾದ ಈತನ ಸುತ್ತ ಬೆಳೆದಿರುವುದರಲ್ಲಿ ಐತಿಹ್ಯವೇ ಹೆಚ್ಚು, ಇತಿಹಾಸ ಕಡಮೆ. ಕೈಗೆ ದೊರೆಯುವ ಗಟ್ಟಿಯಾದ ಗ್ರಂಥವೆಂದರೆ ಮಿಂಗ್ ಅರಸರ ಕಾಲದಲ್ಲಿ, 1608ರಲ್ಲಿ, ಯೂ ಬೆನ್‌ಯುವಾನ್ ಮತ್ತು ಯೂ ಬೆನ್‌ಹೆಂಗ್ ಎಂಬ ಸಹೋದರರು ಹೊರತಂದ ಅಶ್ವಚಿಕಿತ್ಸೆಯ ಸಂಗ್ರಹ. ಆ ಪರಂಪರೆಯ ಚಿತ್ರಗಳಲ್ಲಿ ಕುದುರೆಯ ಮೈಮೇಲೆ ಗುರುತಿಸಿದ ಸ್ಥಾನಗಳಲ್ಲಿ ಅನೇಕವು ರಕ್ತ ಬಿಡತಕ್ಕ ಸ್ಥಾನಗಳು, ಇನ್ನು ಕೆಲವು ಕಾದ ಲೋಹದಿಂದ ಸುಡತಕ್ಕವು. ಮನುಷ್ಯನ ನಕ್ಷೆಯಲ್ಲಿರುವಂತೆ ಅವುಗಳನ್ನೆಲ್ಲ ರೇಖೆಗಳಲ್ಲಿ ಪೋಣಿಸುವ ವಾಡಿಕೆ ಕುದುರೆ ದನಗಳ ಹಳೆಯ ವೈದ್ಯದಲ್ಲಿ ಬಲವಾಗಿರಲಿಲ್ಲ. ನಾಯಿ ಬೆಕ್ಕುಗಳ ಮೇಲೆ ಇಂದು ಎಳೆದಿರುವ ನಾಡಿರೇಖೆಗಳಂತೂ, ಮನುಷ್ಯದೇಹದ ಬಿಂದುಗಳನ್ನು ಹೋಲಿಕೆಯಿಂದ ಚತುಷ್ಪಾದಿಗಳಿಗೆ ವರ್ಗಾಯಿಸಿ ಇಪ್ಪತ್ತನೆಯ ಶತಮಾನದಲ್ಲಿ ರೂಪಿಸಿದವು. ಪಿತ್ತಕೋಶವಿಲ್ಲದ ಕುದುರೆಗೆ ಪಿತ್ತಕೋಶದ ನಾಡಿ ಬಂದುದು ಈ ದಾರಿಯಿಂದ.

ಪಶ್ಚಿಮದೇಶಗಳಲ್ಲಿ ಇದರ ಕಡೆಗೆ ಕುತೂಹಲ ಕೆರಳಿದುದು ಒಂದು ಆಕಸ್ಮಿಕದಿಂದ. 1971ರ ಜುಲೈಯಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ನರು ಪೀಕಿಂಗಿನಲ್ಲಿದ್ದಾಗ ಅಪೆಂಡಿಸೈಟಿಸ್ ಆಗಿ, ಶಸ್ತ್ರಚಿಕಿತ್ಸೆಯ ಅನಂತರದ ಹೊಟ್ಟೆಯ ಉಬ್ಬರಕ್ಕೆ ಅಲ್ಲಿಯ ವೈದ್ಯರು ಸೂಜಿ ಚುಚ್ಚಿದ ಸಂಗತಿಯನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬರೆದರು. ಮರುವರ್ಷ ಅಧ್ಯಕ್ಷ ನಿಕ್ಸನ್ನರ ಚೀನಾಯಾತ್ರೆ ನಡೆಯಿತು. 1974ರಲ್ಲಿ ಪಶುವೈದ್ಯರ ಅಂತಾರಾಷ್ಟ್ರೀಯ ಅಕ್ಯುಪಂಕ್ಚರ್ ಸಂಘವು ಅಮೆರಿಕದಲ್ಲಿ ಸ್ಥಾಪಿತವಾಯಿತು.

ಇನ್ನು ಚಿಕಿತ್ಸೆಯನ್ನೇ ಹತ್ತಿರದಿಂದ ನೋಡೋಣ. ಡ್ಯಾಶ್‌ಹಂಡ್ ಎಂಬುದು ಉದ್ದ ಬೆನ್ನಿನ, ಕುಳ್ಳುಗಾಲಿನ ನಾಯಿಜಾತಿ. ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕುಗಳು ಈ ಜಾತಿಯಲ್ಲಿ ಎಳೆಯ ಪ್ರಾಯಕ್ಕೇ ಒಣಗಿ ಗಡುಸಾಗತೊಡಗುತ್ತವೆ. ಒಂದು ದಿನ ಮಂಚದಿಂದ ಕೆಳಕ್ಕೆ ಹಾರಿದಾಗಲೋ ಮೆಟ್ಟಲು ಇಳಿಯುವಾಗಲೋ ಅವುಗಳಲ್ಲೊಂದು ಒಡೆದು, ಒಳಗಿನ ಸಾರವು ಬೆನ್ನುಹುರಿಯನ್ನು ಒತ್ತಿ, ನಾಯಿಯು ಹಿಂಗಾಲುಗಳನ್ನು ಎಳೆದುಕೊಂಡು ಹೋಗುವ ಸ್ಥಿತಿಗೆ ಬರುತ್ತದೆ. ಪರೀಕ್ಷಿಸುವ ವೈದ್ಯನು ಮೊದಲು ಹಿಂಗಾಲಿನ ಪಂಜವನ್ನು ಮಗುಚಿ, ಅದರ ಬೆನ್ನು ನೆಲಕ್ಕೆ ತಾಗುವಂತೆ ಇಟ್ಟು ಕಾಯುತ್ತಾನೆ. ಆರೋಗ್ಯವಾದ ನಾಯಿ ಆ ಕ್ಷಣವೇ ಪಂಜವನ್ನು ಸರಿಮಾಡಿಕೊಳ್ಳುತ್ತದೆ, ಹುರಿ ಪೆಟ್ಟಾದ ನಾಯಿಗೆ ತನ್ನ ಪಂಜ ಮಗುಚಿದೆಯೆಂಬುದೇ ತಿಳಿಯದು. ಅನಂತರ ಇಕ್ಕಳದಿಂದ ಕಾಲ್ಬೆರಳನ್ನು ಬಲವಾಗಿ ಹಿಂಡುತ್ತಾನೆ. ಇಲ್ಲಿ ಅನುಭವವಿಲ್ಲದವರು ಮೋಸಹೋಗುವುದು ಸುಲಭ. ಏಕೆಂದರೆ ಕಾಲು ಸೆಟೆದು ಹಿಂದಕ್ಕೆ ಸರಿದರೆ ಅದು ಬೆನ್ನುಹುರಿಯ ಪ್ರತಿಕ್ರಿಯೆ ಮಾತ್ರ, ನೋವಿನ ಅರಿವಿಗೆ ಸಾಕ್ಷಿಯಲ್ಲ. ನಾಯಿಯು ತಲೆಯನ್ನು ತಿರುಗಿಸಿ ನೋಡಬೇಕು, ಕುಂಯ್‌ಗುಡಬೇಕು, ಇಲ್ಲವೇ ಕಚ್ಚಲು ಬರಬೇಕು. ಆಗ ನೋವಿನ ಸುದ್ದಿ ಮಿದುಳಿಗೆ ಮುಟ್ಟುತ್ತಿದೆಯೆಂದು ಅರ್ಥ, ಆಗ ಆಸೆಗೆ ಆಸ್ಪದವುಂಟು.

ಸೂಜಿಯಾದರೋ ಬಹಳ ಸಣ್ಣದು, ದಪ್ಪ ಒಂದು ಮಿಲ್ಲಿಮೀಟರಿನ ಕಾಲುಭಾಗ, ಉದ್ದ ಸುಮಾರು ಒಂದು ಅಂಗುಲ. ಇಂಜೆಕ್ಷನ್ ಸೂಜಿಯಂತೆ ಟೊಳ್ಳಲ್ಲ. ಸೊಂಟದ ಕೊನೆಯ ಮಣಿಗೂ ತ್ರಿಕಾಸ್ಥಿಗೂ ನಡುವೆ ಬೆರಳಿಗೆ ಸಿಗುವ ತಗ್ಗಿನಲ್ಲಿ ಮೊದಲ ಸೂಜಿಯನ್ನು ಇಡುವುದು ಅನೇಕ ವೈದ್ಯರ ರೂಢಿ. ಚೀನೀಯರು ಆ ಸ್ಥಾನವನ್ನು ಬೈಹುಯಿ ಎನ್ನುತ್ತಾರೆ. ಅಲ್ಲಿಂದ ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ, ಒಡೆದ ಡಿಸ್ಕಿನ ಹಿಂದೆ ಮುಂದೆ, ಮತ್ತು ಹಿಂಗಾಲುಗಳಲ್ಲಿ ಒಂದೊಂದಾಗಿ ಸೂಜಿಗಳು ಇಳಿಯುತ್ತವೆ. ಚರ್ಮ ಒಮ್ಮೆ ಅದುರುತ್ತದೆ, ನಾಯಿ ತಿರುಗಿ ನೋಡುತ್ತದೆ, ಯಜಮಾನನ ತೊಡೆಯ ಮೇಲೆ ಮತ್ತೆ ಗದ್ದವನ್ನೂರುತ್ತದೆ. ಸೂಜಿಗಳಿಗೆ ಸಣ್ಣ ಚಿಮಟಿಗೆಗಳ ಮೂಲಕ ತಂತಿ ಕೂಡಿಸಿ ಅತ್ಯಲ್ಪ ವಿದ್ಯುತ್ತನ್ನು ಹರಿಸಿದಾಗ ಬೆನ್ನಿನ ಸ್ನಾಯು ಲಯಬದ್ಧವಾಗಿ ಮಿಡಿಯತೊಡಗುತ್ತದೆ. ಹದಿನೈದು ಇಪ್ಪತ್ತು ನಿಮಿಷಗಳ ಆ ಅವಧಿಯಲ್ಲಿ ಅನೇಕ ನಾಯಿಗಳು ತೂಕಡಿಸುವುದೂ ಉಂಟು.

ಈ ಕ್ರಿಯೆಯ ಕಾರಣವನ್ನು ತಿಳಿಯಲು ನಾಡಿರೇಖೆಗಳ ಮೊರೆಹೊಗಬೇಕಾಗಿಲ್ಲ. ಕೆನಡಾದ ಟೊರಾಂಟೋದಲ್ಲಿ ಬ್ರೂಸ್ ಪೊಮೆರಾನ್ಜ್ ಮತ್ತು ಅವರ ಸಹೋದ್ಯೋಗಿ 1976ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಸೂಜಿಯಿಂದ ಒದಗಿದ ನೋವಿನ ಶಮನವು ನಲೋಕ್ಸೋನ್ ಎಂಬ ಮದ್ದನ್ನು ಕೊಟ್ಟೊಡನೆ ಅಳಿಸಿಹೋಯಿತು. ಅಫೀಮಿನ ಪರಿಣಾಮವನ್ನು ತಡೆಯುವ ಮದ್ದು ಅದು. ಆದುದರಿಂದ ಸೂಜಿಯು ದೇಹದೊಳಗೇ ಹುಟ್ಟುವ ಅಫೀಮುಸದೃಶ ದ್ರವ್ಯಗಳಾದ ಎಂಡಾರ್ಫಿನ್‌ಗಳನ್ನು ಹೊರಡಿಸುತ್ತದೆಂಬುದಕ್ಕೆ ಒಳ್ಳೆಯ ಆಧಾರ ದೊರಕಿದಂತಾಯಿತು. 2010ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾನಿಲಯದವರು, ಸೂಜಿಯನ್ನು ತಿರುವಿದಾಗ ಆ ಸ್ಥಳದ ಅಂಗಾಂಶದಲ್ಲಿ ಅಡೆನೋಸಿನ್ ಎಂಬ ದ್ರವ್ಯ ಹೆಚ್ಚಿ, ಪಕ್ಕದ ನರದ ನೋವಿನ ಸಂದೇಶವನ್ನು ಮಂದಗೊಳಿಸುವುದನ್ನು ತೋರಿಸಿದರು. 2021ರಲ್ಲಿ ಹಾರ್ವರ್ಡಿನ ಚಿಯುಫು ಮಾ ಅವರ ತಂಡವು ಇನ್ನೂ ಸೂಕ್ಷ್ಮವಾದ ಒಂದು ಸಂಗತಿಯನ್ನು ಹೊರಗೆಡಹಿತು: ಇಲಿಯ ಹಿಂಗಾಲಿನ ಒಂದು ಸ್ಥಾನದಲ್ಲಿ ಹರಿಸಿದ ಮೃದುವಾದ ವಿದ್ಯುತ್ತು ಮೈಯ ಉರಿಯೂತವನ್ನು ತಗ್ಗಿಸಬಲ್ಲುದು, ಹೊಟ್ಟೆಯ ಸ್ಥಾನದಲ್ಲಿ ಹರಿಸಿದರೆ ಆ ಫಲವಿಲ್ಲ, ಏಕೆಂದರೆ ಅದಕ್ಕೆ ಬೇಕಾದ ಒಂದು ಜಾತಿಯ ನರತಂತುಗಳು ಹಿಂಗಾಲಿನ ಆಳದ ಅಂಗಾಂಶದಲ್ಲಿ ಹರಡಿವೆ, ಹೊಟ್ಟೆಯ ಗೋಡೆಯಲ್ಲಿ ಇಲ್ಲ. ಸ್ಥಾನಕ್ಕೆ ಮಹತ್ತ್ವವುಂಟು ಎಂದು ಹಳೆಯ ವೈದ್ಯರು ಕಂಡುಕೊಂಡುದರಲ್ಲಿ ಸತ್ಯಾಂಶವಿತ್ತು. ಆ ಮಹತ್ತ್ವಕ್ಕೆ ಅವರು ಕೊಟ್ಟ ಕಾರಣ ಮಾತ್ರ ಬೇರೆಯಾಗಿತ್ತು.

ಪ್ರಯೋಗಾಲಯದ ಇಲಿಯಿಂದ ಚಿಕಿತ್ಸಾಲಯದ ನಾಯಿಗೆ ಬಂದಾಗ ದಾರಿ ಅಷ್ಟು ಸ್ಪಷ್ಟವಾಗಿಲ್ಲ. ಬ್ರೆಜಿಲ್ ದೇಶದ ಪಶುವೈದ್ಯರು 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಡಿಸ್ಕ್ ರೋಗದಿಂದ ತೀವ್ರವಾದ ನರದೌರ್ಬಲ್ಯವುಂಟಾಗಿ ಎರಡು ದಿನಗಳಿಗಿಂತ ಹೆಚ್ಚು ಕಾಲ ಕಳೆದಿದ್ದ 40 ನಾಯಿಗಳಿದ್ದವು. ಶಸ್ತ್ರಚಿಕಿತ್ಸೆ ಮಾತ್ರ ಆದ 10ರಲ್ಲಿ 4, ವಿದ್ಯುತ್ ಸೂಜಿ ಮಾತ್ರ ಆದ 19ರಲ್ಲಿ 15, ಎರಡೂ ಆದ 11ರಲ್ಲಿ 8 ಚೇತರಿಸಿಕೊಂಡವು. ಕೇಳಿದೊಡನೆ ಮನಸ್ಸು ಉಬ್ಬುವಂಥ ಲೆಕ್ಕ. ಆದರೆ ಶಸ್ತ್ರಚಿಕಿತ್ಸೆಯ ಗುಂಪನ್ನು ಹಳೆಯ ದಾಖಲೆಗಳಿಂದ ಆರಿಸಿಕೊಂಡಿದ್ದರು, ಯಾವ ನಾಯಿಗೆ ಯಾವ ಚಿಕಿತ್ಸೆಯೆಂಬುದನ್ನು ಚೀಟಿಯೆತ್ತಿದಂತೆ ನಿಷ್ಪಕ್ಷಪಾತವಾಗಿ ಗೊತ್ತುಮಾಡಿರಲಿಲ್ಲ. ಹೀಗಿರುವಾಗ ಈ ಅಂಕಿಗಳನ್ನು ಭರವಸೆಯ ಸೂಚನೆಯೆಂದು ಎಣಿಸಬಹುದು, ತೀರ್ಪೆಂದು ಎಣಿಸಲಾಗದು. ಅದಕ್ಕೂ ಮುಂಚೆ, 2006ರಲ್ಲಿ, ಇಂಗ್ಲೆಂಡಿನ ವಿದ್ವಾಂಸರು ಪಶುಗಳ ಸೂಜಿಚಿಕಿತ್ಸೆಯ ನಿಯಂತ್ರಿತ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿ, ಯಾವ ರೋಗಕ್ಕೂ ಇದನ್ನು ಖಚಿತವಾಗಿ ವಿಧಿಸುವಷ್ಟಾಗಲಿ ನಿರಾಕರಿಸುವಷ್ಟಾಗಲಿ ಪ್ರಬಲವಾದ ಪ್ರಮಾಣವಿಲ್ಲವೆಂದೂ, ನೋವಿನಂಥ ಕೆಲವು ವಿಷಯಗಳಲ್ಲಿ ಮುಂದಿನ ಪರೀಕ್ಷೆಗೆ ಯೋಗ್ಯವಾದ ಸುಳಿವುಗಳಿವೆಯೆಂದೂ ಹೇಳಿದರು.

ಪ್ರಾಣಿಗೆ ನಂಬಿಕೆಯಿಂದ ಗುಣವಾಗುವ ಭ್ರಮೆಯಿಲ್ಲ, ಆದುದರಿಂದ ಪ್ರಾಣಿಯಲ್ಲಿ ಕಂಡ ಸುಧಾರಣೆ ನಿಜವಾದದ್ದೇ ಆಗಿರಬೇಕು ಎಂಬ ವಾದವನ್ನು ಆಗಾಗ ಕೇಳುತ್ತೇವೆ. ವಾದ ಚೆನ್ನಾಗಿದೆ, ಆದರೆ ಸುಧಾರಣೆಯಾಯಿತೆಂದು ಹೇಳುವವನು ಮನುಷ್ಯನೆಂಬುದನ್ನು ಅದು ಮರೆತಿದೆ. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಕೀಲುನೋವಿನಿಂದ ಕುಂಟುತ್ತಿದ್ದ, ಮದ್ದಿಲ್ಲದ ಹುಸಿಮಾತ್ರೆಯನ್ನಷ್ಟೇ ಪಡೆದ 58 ನಾಯಿಗಳನ್ನು, ಪ್ರತಿಯೊಂದು ಕಾಲು ನೆಲದ ಮೇಲೆ ಊರುವ ಭಾರವನ್ನು ಅಳೆಯುವ ಹಲಗೆಯ ಮೇಲೆ ನಡೆಸಿದರು. ಹಲಗೆಯು ಯಾವ ಸುಧಾರಣೆಯನ್ನೂ ತೋರಿಸದಿದ್ದ ನಾಯಿಗಳಲ್ಲಿಯೂ ಯಜಮಾನರು ಸುಧಾರಣೆಯನ್ನು ಕಂಡಿದ್ದರು. ಯಜಮಾನರಿರಲಿ, ಪರೀಕ್ಷಿಸಿದ ಪಶುವೈದ್ಯರ ಕಣ್ಣೂ ಅದೇ ರೀತಿ ಮೋಸಹೋಗಿತ್ತು. ಪ್ರೀತಿಯ ಸ್ವಭಾವವೇ ಅದು. ಸೊಂಟದ ಕೀಲು ಸಡಿಲವಾದ ನಾಯಿಗಳಿಗೆ ಸೂಜಿಯ ಸ್ಥಾನಗಳಲ್ಲಿ ಬಂಗಾರದ ಸಣ್ಣ ತುಣುಕುಗಳನ್ನು ಹುದುಗಿಸುವ ಪದ್ಧತಿಯೊಂದುಂಟು. 2001ರ ಫಿನ್‌ಲೆಂಡಿನ ಪರೀಕ್ಷೆಯಲ್ಲಿ ಬಂಗಾರ ಹುದುಗಿಸಿದ ನಾಯಿಗಳೂ ಹುದುಗಿಸದೆ ಚುಚ್ಚಿದ ನಾಯಿಗಳೂ ಸಮವಾಗಿಯೇ ಸುಧಾರಿಸಿದಂತೆ ಕಂಡವು, 2006ರ ನಾರ್ವೆಯ ಪರೀಕ್ಷೆಯಲ್ಲಿ ಬಂಗಾರದ ಗುಂಪೇ ಮೇಲಾಯಿತು. ಹೋಮಿಯೋಪತಿಯ ವಿಷಯದಲ್ಲಿ ಇಂಥ ತೂಗುಯ್ಯಾಲೆಯೂ ಇಲ್ಲ; ಅದಕ್ಕೆ ಮಾನ್ಯವಾದ ಪ್ರಮಾಣದ ಆಧಾರವಿಲ್ಲವೆಂದು ಬ್ರಿಟನ್ನಿನ ಪಶುವೈದ್ಯರ ರಾಯಲ್ ಕಾಲೇಜು 2017ರಲ್ಲಿ ಸ್ಪಷ್ಟವಾಗಿ ಸಾರಿತು.

ನಮ್ಮ ದೇಶದಲ್ಲಿಯೂ ಪಶುಗಳ ದೇಹದಲ್ಲಿ ಮರ್ಮಸ್ಥಾನಗಳನ್ನು ಗುರುತಿಸಿದ ಪರಂಪರೆ ಹಳೆಯದು. ಅಂಗದೇಶದ ರೋಮಪಾದರಾಜನಿಗೆ ಪಾಲಕಾಪ್ಯಮುನಿಯು ಉಪದೇಶಿಸಿದನೆಂದು ಹೇಳುವ ಹಸ್ತ್ಯಾಯುರ್ವೇದದಲ್ಲಿ ಆನೆಯ ಮರ್ಮಗಳ ವಿಚಾರವಿದೆ. ಕನ್ನಡದಲ್ಲಿ ಚಾಲುಕ್ಯ ರಾಜವಂಶದ ಕೀರ್ತಿವರ್ಮನು ಗೋವೈದ್ಯವನ್ನೇ ಬರೆದನು. ಅದರಲ್ಲಿ ಔಷಧದೊಡನೆ ಮಂತ್ರವೂ ಕಲೆತುಕೊಂಡಿದೆಯೆಂಬುದು ಸಾಹಿತ್ಯಚರಿತ್ರೆಯನ್ನು ಬಲ್ಲವರಿಗೆ ಗೊತ್ತು. ಅರಸುಮನೆತನದವನೊಬ್ಬನು ಹಸುವಿನ ಬೇನೆಯನ್ನು ಗ್ರಂಥಕ್ಕೆ ಯೋಗ್ಯವಾದ ವಿಷಯವೆಂದು ಭಾವಿಸಿದನೆಂಬುದು ನನಗೆ ಬಹಳ ಗೌರವದ ಸಂಗತಿಯಾಗಿ ತೋರುತ್ತದೆ. ಹಾಗೆಂದು ಅವನ ಮಂತ್ರಗಳನ್ನು ಇಂದು ಕೊಟ್ಟಿಗೆಯಲ್ಲಿ ಜಪಿಸಬೇಕಾಗಿಲ್ಲ. ಹಳೆಯ ಪದ್ಧತಿಗಳಲ್ಲಿ ಕೈಬಿಡಲೇಬೇಕಾದುದೂ ಉಂಟು. ಕುಂಟುವ ಎತ್ತಿಗೆ, ನೊಗ ಹೊತ್ತು ಹೆಗಲು ಬಾತ ಎತ್ತಿಗೆ, ಕಬ್ಬಿಣವನ್ನು ಕೆಂಪಗೆ ಕಾಯಿಸಿ ಬರೆ ಹಾಕುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಬರೆಯ ಬಳಿಕ ಎತ್ತು ಕುಂಟುವುದನ್ನು ಬಿಟ್ಟರೆ ರೋಗ ಹೋಯಿತೆಂದು ರೈತನು ತಿಳಿಯುತ್ತಾನೆ. ದೇಹದ ಒಂದೆಡೆ ಎದ್ದ ದೊಡ್ಡ ನೋವು ಇನ್ನೊಂದೆಡೆಯ ಸಣ್ಣ ನೋವನ್ನು ಬೆನ್ನುಹುರಿಯಲ್ಲಿಯೇ ಅಡಗಿಸಿಬಿಡುತ್ತದೆಂಬುದು 1979ರಿಂದ ಶಾಸ್ತ್ರಜ್ಞರಿಗೆ ತಿಳಿದ ವಿಷಯ. ಹೀಗಾಗಿ ಎತ್ತಿಗೆ ಸಿಕ್ಕಿದ್ದು ನೋವಿನ ಪರಿಹಾರವಲ್ಲ, ಇನ್ನೊಂದು ನೋವು. ಕಾಲು ಮಿಲ್ಲಿಮೀಟರಿನ ಸೂಜಿಯಿಂದ ಸಾಧ್ಯವಾಗುವ ಶಮನಕ್ಕೆ ಕಾದ ಕಬ್ಬಿಣವನ್ನು ಹಿಡಿಯುವುದಕ್ಕೆ ಇನ್ನು ಯಾವ ನೆಪವೂ ಉಳಿದಿಲ್ಲ.

ಇದಕ್ಕೆ ಪ್ರತಿಯಾಗಿ, ಪರಂಪರೆಯಿಂದ ಬಂದು ಪರೀಕ್ಷೆಯ ಹಾದಿಗೆ ಇಳಿದಿರುವ ಒಳ್ಳೆಯ ಉದಾಹರಣೆಯೊಂದು ನಮ್ಮಲ್ಲಿಯೇ ಇದೆ. ಬೆಂಗಳೂರಿನ ಯಲಹಂಕದ ಬಳಿಯ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾನಿಲಯದವರು ನಾಟಿವೈದ್ಯರ ಅನುಭವವನ್ನು ಕಲೆಹಾಕಿ ರೂಪಿಸಿದ ಕೆಚ್ಚಲುಬಾವಿನ ಮದ್ದನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು ದೇಶದುದ್ದಕ್ಕೂ ಹಾಲು ಉತ್ಪಾದಕರಿಗೆ ತಿಳಿಸಿಕೊಟ್ಟಿದೆ. 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನಪುಡಿ, 15 ಗ್ರಾಂ ಸುಣ್ಣ. ಇವನ್ನು ಅರೆದಾಗ ಅರಿಶಿನಕ್ಕೆ ಸುಣ್ಣ ತಾಗಿ, ಆರತಿಯ ತಟ್ಟೆಯ ನೀರಿನಂತೆ, ಕಲ್ಕವೆಲ್ಲ ಕೆಂಪಾಗುತ್ತದೆ. ಕೆಚ್ಚಲಿನ ಹಾಲನ್ನು ಪೂರ್ತಿಯಾಗಿ ಹಿಂಡಿ ತೆಗೆದು, ತೊಳೆದು, ಈ ಕಲ್ಕವನ್ನು ಸ್ವಲ್ಪ ಸ್ವಲ್ಪವೇ ನೀರಿನಲ್ಲಿ ತೆಳುಮಾಡಿ, ದಿನಕ್ಕೆ ಹತ್ತು ಬಾರಿಯಂತೆ ಐದು ದಿನ ಕೆಚ್ಚಲಿಗೆಲ್ಲ ಸವರಬೇಕು. ಜೊತೆಗೆ ನಿಂಬೆಹಣ್ಣನ್ನು ಹೋಳುಮಾಡಿ ತಿನ್ನಿಸುತ್ತಾರೆ. ಇದರ ಬೆಲೆ ಅಗ್ಗವೆಂಬುದು ಒಂದು ಗುಣ. ಕೆಚ್ಚಲುಬಾವಿಗೆ ಆ್ಯಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲನ್ನು ಹಲವು ದಿನ ಡೇರಿಗೆ ಹಾಕಬಾರದೆಂಬ ನಿಯಮವನ್ನು ಒಂದೆರಡು ಹಸುವಿನ ಬಡ ರೈತ ಹೆಂಗಸು ಪಾಲಿಸುವುದು ಎಷ್ಟು ಕಷ್ಟವೆಂಬುದನ್ನು ಬಲ್ಲವರಿಗೆ, ಆ್ಯಂಟಿಬಯೋಟಿಕ್ಕಿನ ಬಳಕೆಯನ್ನು ತಗ್ಗಿಸಬಲ್ಲ ಮದ್ದಿನ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಜ್ವರ ಏರಿ, ಹಸು ಮೇವು ಬಿಟ್ಟು ಮಲಗಿದರೆ ಮಾತ್ರ ಲೋಳೆಸರವನ್ನು ನಂಬಿ ಕೂರತಕ್ಕುದಲ್ಲ. ಆಗ ಪಶುವೈದ್ಯನನ್ನು ಕರೆಯಲೇಬೇಕು.

ನೋವಿಗೆ ಮಾತ್ರೆಯೂ ಚುಚ್ಚುಮದ್ದೂ ಇರುವಾಗ ಸೂಜಿಯ ಗೊಡವೆ ಏಕೆಂದು ಕೇಳುವವರಿಗೆ ರಣಹದ್ದುಗಳ ಕಥೆಯನ್ನು ಹೇಳಬೇಕು. ಡೈಕ್ಲೋಫೆನಾಕ್ ಎಂಬ ನೋವಿನ ಮದ್ದನ್ನು ದನಗಳಿಗೆ ಧಾರಾಳವಾಗಿ ಕೊಡತೊಡಗಿದ ಮೇಲೆ, ಆ ದನಗಳ ಕಳೇಬರವನ್ನು ತಿಂದ ರಣಹದ್ದುಗಳ ಮೂತ್ರಪಿಂಡಗಳು ಕೆಟ್ಟು, 1990ರ ದಶಕದ ಆರಂಭದಿಂದ ಸುಮಾರು ಹದಿನೈದು ವರ್ಷಗಳಲ್ಲಿ ಬಿಳಿಬೆನ್ನಿನ ರಣಹದ್ದುಗಳು ಭಾರತದಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಅಳಿದವು. ಕಾರಣ 2004ರಲ್ಲಿ ಗೊತ್ತಾಯಿತು. ಪಶುಗಳಿಗೆ ಆ ಮದ್ದನ್ನು ತಯಾರಿಸುವುದನ್ನು 2006ರಲ್ಲಿ ನಿಷೇಧಿಸಿದರು. ನಮ್ಮ ರಾಮನಗರದ ರಾಮದೇವರಬೆಟ್ಟವು 2012ರಲ್ಲಿ ರಣಹದ್ದುಗಳ ಧಾಮವಾಯಿತು. ಡೈಕ್ಲೋಫೆನಾಕಿನ ವರ್ಗಕ್ಕೇ ಸೇರಿದ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್‌ಗಳ ಪಶುಬಳಕೆಯನ್ನು 2023ರಲ್ಲಿ ತಡೆದರು. ಮೆಲಾಕ್ಸಿಕ್ಯಾಮ್ ಎಂಬ ಮದ್ದು ಹದ್ದುಗಳಿಗೆ ಹಾನಿಮಾಡದೆಂಬುದು ಸಮಾಧಾನದ ಸಂಗತಿ. ಆದರೆ ಮೂತ್ರಪಿಂಡ ಸೋತ ಮುದಿಬೆಕ್ಕಿಗೂ ಹೊಟ್ಟೆಯ ಹುಣ್ಣಿನ ನಾಯಿಗೂ ಈ ವರ್ಗದ ಮದ್ದುಗಳನ್ನು ವೈದ್ಯರು ಹೆದರಿ ಹೆದರಿಯೇ ಕೊಡುತ್ತಾರೆ, ಮನೆಯಲ್ಲಿ ಸಿಗುವ ಪ್ಯಾರಸಿಟಮಾಲ್ ಬೆಕ್ಕಿನ ಪಾಲಿಗೆ ವಿಷವೇ ಸರಿ. ಸೂಜಿಯಿಂದಲೋ, ಅಂಗಮರ್ದನದಿಂದಲೋ, ನೀರಿನಲ್ಲಿ ನಡೆಸುವ ವ್ಯಾಯಾಮದಿಂದಲೋ ಮದ್ದಿನ ಪ್ರಮಾಣವನ್ನು ಇಳಿಸುವುದು ಸಾಧ್ಯವಾದರೆ ಅಂಥ ಪ್ರಾಣಿಗಳಿಗೆ ಅದು ಸಣ್ಣ ಉಪಕಾರವಲ್ಲ.

ಇಂಥ ಪದ್ಧತಿಗಳನ್ನೆಲ್ಲ ಕೂಡಿಸಿ ಕರೆಯುವ ಸಮಗ್ರ ಚಿಕಿತ್ಸೆಯೆಂಬ ಹೆಸರಿನ ಆಶ್ರಯದಲ್ಲಿ ಅಪಾಯಗಳೂ ಸೇರಿಕೊಂಡಿವೆ. ನಿಸರ್ಗದಿಂದ ಬಂದುದೆಲ್ಲ ನಿರಪಾಯವೆಂದು ನಂಬಿ ಹುಳುವಿನ ಮದ್ದೆಂದು ನಾಯಿಗೆ ಬೆಳ್ಳುಳ್ಳಿಯನ್ನು ತಿನ್ನಿಸುವವರಿದ್ದಾರೆ; ಈರುಳ್ಳಿ ಬೆಳ್ಳುಳ್ಳಿಗಳು ನಾಯಿ ಬೆಕ್ಕುಗಳ ರಕ್ತಕಣಗಳನ್ನು ಒಡೆಯುತ್ತವೆ. ಸೂಜಿಯೂ ಅಜ್ಞಾನಿಯ ಕೈಯಲ್ಲಿ ಎದೆಯ ಗೂಡನ್ನು ಹೊಕ್ಕು ಶ್ವಾಸಕೋಶವನ್ನು ತೂತುಮಾಡಬಲ್ಲುದು. ರಕ್ತ ಹೆಪ್ಪುಗಟ್ಟದ ರೋಗವಿರುವ ಪ್ರಾಣಿಗೆ, ಗಡ್ಡೆಯಿರುವ ಜಾಗಕ್ಕೆ, ಗರ್ಭಿಣಿಯ ಕೆಲವು ಸ್ಥಾನಗಳಿಗೆ ಅದು ಸಲ್ಲದು. ಭಾರತೀಯ ಪಶುವೈದ್ಯ ಪರಿಷತ್ತಿನ 1984ರ ಅಧಿನಿಯಮದ ಪ್ರಕಾರ ಪಶುವೈದ್ಯವೃತ್ತಿಯನ್ನು ನಡೆಸುವ ಅಧಿಕಾರವಿರುವುದು ನೋಂದಾಯಿತ ಪಶುವೈದ್ಯರಿಗೆ. ಆದುದರಿಂದ ಸೂಜಿ ಹಿಡಿದವನನ್ನು ಮೊದಲು ಕೇಳಬೇಕಾದ ಪ್ರಶ್ನೆ ಅವನು ನಂಬುವ ನಾಡಿಗಳ ವಿಷಯವಲ್ಲ: ನೀವು ನೋಂದಾಯಿತ ಪಶುವೈದ್ಯರೇ, ಈ ನೋವಿಗೆ ಕಾರಣವೇನೆಂದು ಕಂಡುಹಿಡಿದಿದ್ದೀರಾ, ಎಷ್ಟು ವಾರಗಳಲ್ಲಿ ಏನು ಬದಲಾಗಬೇಕು, ಬದಲಾಗದಿದ್ದರೆ ಮುಂದೇನು? ಒಳ್ಳೆಯ ವೈದ್ಯನು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಮನೆಯಲ್ಲಿಯೂ ಒಂದು ಲೆಕ್ಕವನ್ನು ಇಟ್ಟುಕೊಳ್ಳಬೇಕು. ನಾಯಿ ಚೆನ್ನಾಗಿದೆಯೆಂಬ ಮಾತಿನ ಬದಲು, ಯಾರ ಸಹಾಯವೂ ಇಲ್ಲದೆ ಎಷ್ಟು ಮೆಟ್ಟಲು ಹತ್ತಿತು, ಬೆಕ್ಕು ಎಷ್ಟು ಎತ್ತರಕ್ಕೆ ಹಾರಿತು ಎಂಬುದನ್ನು ದಿನ ಬಿಟ್ಟು ದಿನ ಬರೆದಿಟ್ಟರೆ, ಅಥವಾ ಮೊದಲ ದಿನದ ನಡೆಯನ್ನೂ ತಿಂಗಳ ಅನಂತರದ ನಡೆಯನ್ನೂ ಮೊಬೈಲಿನಲ್ಲಿ ಚಿತ್ರಿಸಿ ಪರಿಚಯವಿಲ್ಲದವರಿಗೆ ತೋರಿಸಿದರೆ, ಪ್ರೀತಿಯ ಕಣ್ಣು ಮಾಡುವ ಮೋಸ ಬಹುಮಟ್ಟಿಗೆ ತಪ್ಪುತ್ತದೆ. ಇನ್ನು ಹಿಂಗಾಲು ಹಠಾತ್ತನೆ ಸೋತು, ಬೆರಳನ್ನು ಹಿಂಡಿದರೂ ತಲೆ ತಿರುಗಿಸದ ನಾಯಿಯನ್ನು ಸೂಜಿಗೆಂದು ವಾರಗಟ್ಟಲೆ ಕಾಯಿಸಲಾಗದು. ಅದನ್ನು ಅದೇ ದಿನ ಶಸ್ತ್ರವೈದ್ಯನ ಬಳಿಗೆ ಒಯ್ಯಬೇಕು, ಸೂಜಿಗೆ ಅನಂತರದ ವಾರಗಳಲ್ಲಿ ಬೇಕಾದಷ್ಟು ಅವಕಾಶವಿರುತ್ತದೆ.